ಗಂಟಿನ ಊತಕ್ಕೆ ಲೆಕ್ಕವಿದೆ, ಮನಸ್ಸಿನ ಭಾರಕ್ಕೆ?

ಸಂಧಿವಾತದ ಔಷಧಿಗಳ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಔಷಧಿಯನ್ನು ಕುರಿತವಲ್ಲ. ನಿದ್ದೆ, ಅಳು, ಸಿಟ್ಟು, ‘ಮನೆಯವರಿಗೆ ಭಾರವಾಗಿದ್ದೇನೆ’ ಎಂಬ ಸಂಕಟ, ಆಸ್ಪತ್ರೆಯಲ್ಲಿ ಕೈಗಿತ್ತ ಪ್ರಶ್ನೆಗಳ ಹಾಳೆ, ಇವೇ ಅವುಗಳ ತುಂಬ. ಈ ಸಲದ ಜಾಗವೆಲ್ಲ ಅವಕ್ಕೇ. ಬರೆದವರ ಹೆಸರು ಬಿಟ್ಟಿದ್ದೇನೆ, ಕೆಲವು ಪತ್ರಗಳನ್ನು ಮೊಟಕು ಮಾಡಿದ್ದೇನೆ.

ಪ್ರಶ್ನೆ: ಡಾಕ್ಟರ್ ಸಾಹೇಬರೆ, ನನಗೆ 44 ವರ್ಷ. ಆರು ವರ್ಷದಿಂದ ಸಂಧಿವಾತ, ರುಮಟಾಯ್ಡ್ ಅಂತ ಹೇಳಿದ್ದಾರೆ. ಮುಂಜಾನೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ತಾಸುಗಟ್ಟಲೆ ಕೂಡಬೇಕು. ರೊಟ್ಟಿ ಬಡಿಯುವುದು ಬಿಟ್ಟು ವರ್ಷವಾಯಿತು, ಈಗ ಅಂಗಡಿಯಿಂದ ಕಟಕ ರೊಟ್ಟಿ ತರಿಸುತ್ತೇವೆ. ಹೋದ ಸಲ ಆಸ್ಪತ್ರೆಯಲ್ಲಿ ನರ್ಸ್ ಬಾಯಿ ಒಂದು ಹಾಳೆ ಕೊಟ್ಟು ತುಂಬಿಸಿದರು. ಎರಡು ವಾರದಲ್ಲಿ ಬೇಸರ ಆಗಿತ್ತೇ, ನಿದ್ದೆ ಬಂದಿತ್ತೇ, ನಿಮ್ಮ ಬಗ್ಗೆ ನಿಮಗೇ ಕೀಳು ಅನಿಸಿತ್ತೇ ಅಂತೆಲ್ಲ ಅದರಲ್ಲಿತ್ತು. ನಾನು ಹೋಗಿದ್ದು ಬೆರಳು ತೋರಿಸಲಿಕ್ಕೆ. ನನ್ನ ತಲಿ ಕೆಟ್ಟದ ಅಂತ ತಿಳಕೊಂಡಾರೇನು?
– ಗೃಹಿಣಿ, ಧಾರವಾಡ ಜಿಲ್ಲೆ

ಉತ್ತರ: ಇಲ್ಲ ತಾಯಿ, ಯಾರೂ ಹಾಗೆ ತಿಳಿದುಕೊಂಡಿಲ್ಲ. ಆ ಹಾಳೆ ಕೊಟ್ಟ ಆಸ್ಪತ್ರೆ ಸರಿಯಾದ ಕೆಲಸವನ್ನೇ ಮಾಡಿದೆ. ಅದು ಕಡಿಮೆ ಕಡೆ ನಡೆಯುತ್ತದೆ ಎಂಬುದೇ ನನ್ನ ದೂರು.

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಕಟಕ ರೊಟ್ಟಿಯ ಮಾತಿನ ಮೇಲೆ. ನಿಮ್ಮ ಕಡೆ ರೊಟ್ಟಿ ಬಡಿಯುವ ಕೈ ಅಂದರೆ ಮನೆ ನಡೆಸುವ ಕೈ. ಆ ಕೆಲಸ ತಪ್ಪಿಹೋದ ದಿನ ಏನು ಅನಿಸಿತು ಎಂದು ಯಾರಾದರೂ ಕೇಳಿದ್ದಾರೆಯೇ? ನಾವು ಸಂಧಿವಾತ ನೋಡುವವರು ಕೈ, ಭುಜ, ಮೊಣಕೈ, ಮಂಡಿ ಸೇರಿ 28 ಕೀಲುಗಳನ್ನು ಒತ್ತಿ ನೋಡುತ್ತೇವೆ, ಊತ ಎಣಿಸುತ್ತೇವೆ, ಉರಿಯೂತ ತೋರಿಸುವ ಇಎಸ್‌ಆರ್ ಎಂಬ ರಕ್ತಪರೀಕ್ಷೆ ಬರೆಸುತ್ತೇವೆ. ರೊಟ್ಟಿ ಈ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದಕ್ಕೇ ಪ್ರಶ್ನೆಗಳ ಹಾಳೆ ಬೇಕಾಯಿತು.

ಇನ್ನೊಂದು ಕಾರಣ ಶರೀರದ ಒಳಗೇ ಇದೆ. ಜ್ವರ ಬಂದಾಗ ಊಟ ಸೇರದು, ಮಾತು ಬೇಡ, ಮೂಲೆಯಲ್ಲಿ ಮಲಗಿಬಿಡೋಣ ಅನಿಸುತ್ತದೆ. ಸೋಂಕಿನ ವಿರುದ್ಧ ಶರೀರ ಹೊರಬಿಡುವ ರಾಸಾಯನಿಕಗಳು ಮಿದುಳಿಗೂ ಸಂದೇಶ ಮುಟ್ಟಿಸುವುದರಿಂದ ಹಾಗಾಗುತ್ತದೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ಅದೇ ರಾಸಾಯನಿಕಗಳು ರುಮಟಾಯ್ಡ್ ಇರುವವರಲ್ಲಿ ಜ್ವರವಿಲ್ಲದೆಯೂ ತಿಂಗಳುಗಟ್ಟಲೆ ಹೆಚ್ಚಾಗಿರುತ್ತವೆ. ನಿಮ್ಮ ಬೇಸರದಲ್ಲಿ ಒಂದು ಪಾಲು ನೋವಿನದು, ಒಂದು ಪಾಲು ಕೈತಪ್ಪಿದ ಕೆಲಸದ್ದು, ಮತ್ತೊಂದು ಪಾಲು ಈ ಉರಿಯೂತದ್ದೇ ಇರಬಹುದು. ‘ಮನಸ್ಸು ಗಟ್ಟಿ ಮಾಡ್ಕೋ’ ಎಂದು ಹೇಳುವ ನೆಂಟರಿಗೆ ಇದನ್ನು ಓದಿ ಹೇಳಿ.

ನೀವು ತುಂಬಿದ್ದು ಬಹುಶಃ ಪಿಎಚ್‌ಕ್ಯೂ-9 ಎಂಬ ಹಾಳೆ. 2001ರಿಂದ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಒಂಬತ್ತು ಪ್ರಶ್ನೆಗಳು. ಪ್ರತಿಯೊಂದಕ್ಕೂ ‘ಇಲ್ಲವೇ ಇಲ್ಲ’ ಎಂದರೆ 0, ‘ಹೆಚ್ಚು ಕಡಿಮೆ ದಿನವೂ’ ಎಂದರೆ 3. ಒಟ್ಟು 27. ಮೊತ್ತ 10 ಅಥವಾ ಹೆಚ್ಚಾದರೆ ವೈದ್ಯರು ಕೂತು ಮಾತಾಡಬೇಕು ಎಂಬ ಸೂಚನೆ ಅದು, ಅಷ್ಟೇ. ಖಿನ್ನತೆ ಇದೆ ಎಂಬ ತೀರ್ಪನ್ನು ಹಾಳೆ ಕೊಡುವುದಿಲ್ಲ, ಕೊಡಬಾರದು. ನನ್ನ ಒಂದೇ ಆಕ್ಷೇಪ ಅದನ್ನು ಕೈಗಿಟ್ಟ ರೀತಿಗೆ. ಯಾಕೆ ಕೇಳುತ್ತಿದ್ದೇವೆ ಎಂದು ಎರಡು ಮಾತು ಹೇಳಿದ್ದರೆ ನೀವು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಮುಂದಿನ ಭೇಟಿಯಲ್ಲಿ ‘ನನ್ನ ಅಂಕ ಎಷ್ಟು ಬಂತು?’ ಎಂದು ನೀವೇ ಕೇಳಿ. ಅದು ನಿಮ್ಮ ಹಕ್ಕು.

ಪ್ರಶ್ನೆ: ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ. ಪಿಎಚ್‌ಕ್ಯೂ-9ರಲ್ಲಿ ನನಗೆ 12 ಬಂದಿದೆ, ‘ಮಧ್ಯಮ ಖಿನ್ನತೆ’ ಎಂದು ಬರೆದುಕೊಟ್ಟಿದ್ದಾರೆ. ಆದರೆ ಅದರಲ್ಲಿ ನಿದ್ದೆ, ಸುಸ್ತು, ಹಸಿವು ಎಲ್ಲವನ್ನೂ ಕೂಡಿಸುತ್ತಾರೆ. ಕೀಲು ನೋಯುವವನಿಗೆ ನಿದ್ದೆ ಬರುತ್ತದೆಯೇ? ಸೇಬು, ಕಿತ್ತಳೆ ಕೂಡಿಸಬಾರದೆಂದು ಮಕ್ಕಳಿಗೆ ಹೇಳುತ್ತಿದ್ದವನಿಗೆ ಈ ಸಂಕಲನ ಒಪ್ಪಿಗೆಯಾಗುತ್ತಿಲ್ಲ.
– ನಿವೃತ್ತ ಶಿಕ್ಷಕ, ಹಾಸನ

ಉತ್ತರ: ಮೇಷ್ಟ್ರೇ, ನಿಮ್ಮ ಆಕ್ಷೇಪ ಸರಿ. ಮನಸ್ಸಿನ ಅಳತೆಯ ಮೇಲೆ ಸಂಶೋಧನೆ ಮಾಡುವವರನ್ನೂ ಇದೇ ಪ್ರಶ್ನೆ ಕಾಡಿದೆ.

ಒಂಬತ್ತರಲ್ಲಿ ನಿದ್ದೆ, ಸುಸ್ತು, ಹಸಿವು, ಚಲನೆ ನಿಧಾನವಾಗುವುದು ಈ ನಾಲ್ಕು ಸಂಧಿವಾತದಿಂದಲೇ ಬರಬಹುದು. ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರಿಗೆ ನಿದ್ದೆಗೆ 3, ಸುಸ್ತಿಗೆ 3, ಹಸಿವಿಗೆ 3, ನಿಧಾನಕ್ಕೆ 3. ಇನ್ನೊಬ್ಬರಿಗೆ ಬೇಸರಕ್ಕೆ 3, ಯಾವುದರಲ್ಲೂ ಆಸಕ್ತಿ ಇಲ್ಲದ್ದಕ್ಕೆ 3, ತಾನು ಕೀಳೆಂಬ ಭಾವಕ್ಕೆ 3, ಏಕಾಗ್ರತೆ ಇಲ್ಲದ್ದಕ್ಕೆ 3. ಇಬ್ಬರ ಮೊತ್ತವೂ 12. ಮೊದಲನೆಯವರ ಸಂಧಿವಾತವನ್ನು ಹದಕ್ಕೆ ತರಬೇಕು, ಎರಡನೆಯವರ ಜೊತೆ ಮನಸ್ಸಿನ ಮಾತಾಡಬೇಕು. ಹಾಗಾಗಿ ಮೊತ್ತ ನೋಡುವ ಮುನ್ನ ನಾನು ಮೊದಲ ಎರಡು ಪ್ರಶ್ನೆ ನೋಡುತ್ತೇನೆ: ಆಸಕ್ತಿ ಮತ್ತು ಬೇಸರ. ಆ ಎರಡೇ ಸೇರಿ 3 ಅಥವಾ ಹೆಚ್ಚಾದರೆ ಉಳಿದದ್ದನ್ನು ಗಂಭೀರವಾಗಿ ಓದುತ್ತೇನೆ. ನಿಮ್ಮ 12 ಎಲ್ಲೆಲ್ಲಿಂದ ಕೂಡಿಬಂತೆಂದು ಬಿಡಿಸಿ ನೋಡಿ, ಉತ್ತರದ ಅರ್ಧ ಅಲ್ಲೇ ಸಿಗುತ್ತದೆ.

ಈ ತೊಡಕು ಪಿಎಚ್‌ಕ್ಯೂ-9ಕ್ಕಿಂತ ಹಳೆಯದು. ಅದನ್ನು ಕಂಡೇ 1983ರಲ್ಲಿ ಜಿಗ್ಮಂಡ್ ಮತ್ತು ಸ್ನೇತ್ ಎಂಬ ಇಬ್ಬರು ಮನೋವೈದ್ಯರು ಆಸ್ಪತ್ರೆಯ ರೋಗಿಗಳಿಗೆಂದೇ ಬೇರೊಂದು ಹಾಳೆ ಮಾಡಿದರು. ‘ಹ್ಯಾಡ್ಸ್’ ಎಂದು ಕರೆಯುತ್ತೇವೆ. ಆತಂಕಕ್ಕೆ ಏಳು, ಖಿನ್ನತೆಗೆ ಏಳು ಪ್ರಶ್ನೆಗಳು, ಒಂದೊಂದಕ್ಕೆ 21 ಅಂಕ. ನಿದ್ದೆ, ಹಸಿವು, ಸುಸ್ತು ಬೇಕೆಂದೇ ಬಿಟ್ಟಿದ್ದಾರೆ. ಅದರಲ್ಲೂ ‘ನನ್ನ ವೇಗ ತಗ್ಗಿದೆ ಅನಿಸುತ್ತದೆ’ ಎಂಬರ್ಥದ ಒಂದು ಸಾಲು ನುಸುಳಿಬಿಟ್ಟಿದೆ. ಮಂಡಿ ಊದಿದವರು ಅದಕ್ಕೆ ‘ಯಾವಾಗಲೂ’ ಎಂದು ಗುರುತು ಹಾಕದೆ ಇನ್ನೇನು ಮಾಡಿಯಾರು?

ಅಳತೆಗೋಲು ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ನೋಡಿ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಖಿನ್ನತೆ ಎಷ್ಟು ಮಂದಿಗೆ ಎಂದು 72 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2013ರಲ್ಲಿ ಪ್ರಕಟವಾಯಿತು. ವೈದ್ಯಕೀಯ ಸಂದರ್ಶನದ ಪ್ರಕಾರ ನೂರಕ್ಕೆ ಸುಮಾರು 17. ಪಿಎಚ್‌ಕ್ಯೂ-9 ಪ್ರಕಾರ ಸುಮಾರು 39. ಹ್ಯಾಡ್ಸ್‌ನಲ್ಲಿ 8ರ ಗೆರೆ ಎಳೆದರೆ 34, ಗೆರೆಯನ್ನು 11ಕ್ಕೆ ಏರಿಸಿದರೆ 15. ಕಾಯಿಲೆ ಒಂದೇ, ಎಣಿಕೆ ನಾಲ್ಕು. ಹಾಗೆಂದು ಅಳತೆಯೇ ಸುಳ್ಳು ಎಂದುಕೊಳ್ಳಬೇಡಿ. ಯಾವ ಲೆಕ್ಕ ಹಿಡಿದರೂ ಇದು ದೊಡ್ಡ ಸಂಖ್ಯೆಯೇ.

ಗಣಿತದವರಾದ್ದರಿಂದ ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕ ಕೊಡುತ್ತೇನೆ. ಸಂಧಿವಾತ ಎಷ್ಟು ಜೋರಾಗಿದೆ ಎನ್ನಲು ನಾವು ಬಳಸುವ ಡಾಸ್-28 ಎಂಬ ಸೂತ್ರದಲ್ಲಿ ನಾಲ್ಕು ಪದಗಳಿವೆ: ಮುಟ್ಟಿದರೆ ನೋಯುವ ಕೀಲುಗಳ ವರ್ಗಮೂಲಕ್ಕೆ 0.56, ಊದಿದ ಕೀಲುಗಳ ವರ್ಗಮೂಲಕ್ಕೆ 0.28, ಇಎಸ್‌ಆರ್‌ನ ಸಹಜ ಲಾಗರಿತಮ್‌ಗೆ 0.70, ‘ಒಟ್ಟಾರೆ ಹೇಗಿದ್ದೀರಿ’ ಎಂಬುದಕ್ಕೆ ರೋಗಿ 100ಕ್ಕೆ ಕೊಡುವ ಅಂಕಕ್ಕೆ 0.014. ಆ ಅಂಕ ಹೆಚ್ಚಾದಷ್ಟೂ ಸ್ಥಿತಿ ಕೆಟ್ಟದು. ಒಬ್ಬರಿಗೆ ಊದಿದ ಕೀಲು ಒಂದು, ಇಎಸ್‌ಆರ್ 20, ನೋಯುವ ಕೀಲು ಒಂದು, ಒಟ್ಟಾರೆ 10 ಎಂದಿಟ್ಟುಕೊಳ್ಳಿ. ಕೂಡಿಸಿದರೆ 3.1, ಅಂದರೆ ಕಾಯಿಲೆ ಹತೋಟಿಗೆ ಹತ್ತಿರ. ಇನ್ನೊಬ್ಬರಿಗೂ ಊತ ಅಷ್ಟೇ, ಇಎಸ್‌ಆರ್ ಅಷ್ಟೇ. ಆದರೆ ಮನಸ್ಸು ಕುಸಿದಿದೆ, ಮುಟ್ಟಿದಲ್ಲೆಲ್ಲ ನೋವು. ನೋಯುವ ಕೀಲು ಒಂಬತ್ತು, ಒಟ್ಟಾರೆ 70. ಕೂಡಿಸಿದರೆ 5.0. ತೀವ್ರ ಕಾಯಿಲೆಯ ಗೆರೆ 5.1ಕ್ಕೆ, ಹೆಚ್ಚುಕಡಿಮೆ ಅಲ್ಲಿಗೇ ಬಂದಾಯಿತು.

ಮೊತ್ತವನ್ನಷ್ಟೇ ನೋಡುವ ವೈದ್ಯರು ಎರಡನೆಯವರಿಗೆ ದುಬಾರಿ ಇಂಜೆಕ್ಷನ್ ಬರೆಯುತ್ತಾರೆ. ಅದು ಕೆಲಸ ಮಾಡಲಿಲ್ಲವೆಂದು ಮತ್ತೊಂದು ಬರೆಯುತ್ತಾರೆ. ಮನಸ್ಸನ್ನು ಬೇರೆಯಾಗಿ ಅಳೆಯದಿದ್ದರೆ ಅದು ಕೀಲಿನ ಲೆಕ್ಕದೊಳಗೆ ಸೇರಿಕೊಂಡು ತಪ್ಪು ಔಷಧಿ ಬರೆಸುತ್ತದೆ. ನಿಮ್ಮ ಹಾಳೆಯನ್ನು ದಯವಿಟ್ಟು ಹರಿದು ಹಾಕಬೇಡಿ.

ಪ್ರಶ್ನೆ: ಖಿನ್ನತೆ ಎಷ್ಟಿದೆ ಎಂದು ಹೇಳುವ ರಕ್ತಪರೀಕ್ಷೆ ಇದೆಯೇ?
– ಓದುಗ, ದಾವಣಗೆರೆ

ಉತ್ತರ: ಇಲ್ಲ. ಇದೆ ಎಂದು ಹೇಳಿ ಹಣ ಕೇಳಿದರೆ ಕೊಡಬೇಡಿ. ಖಿನ್ನತೆಯ ಹಾಗೆಯೇ ಕಾಣುವ ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ-12 ಕೊರತೆಗಳನ್ನು ಮಾತ್ರ ರಕ್ತಪರೀಕ್ಷೆ ಹಿಡಿಯುತ್ತದೆ. ಅವನ್ನು ಒಮ್ಮೆ ಮಾಡಿಸುವುದು ಒಳ್ಳೆಯದೇ.

ಪ್ರಶ್ನೆ: ನಮ್ಮ ತಾಯಿಗೆ 71. ಮಂಡಿ ಸವೆದಿದೆ, ಎರಡೂ ಕಾಲು ಬಾಗಿವೆ. ನಾನು ಬೆಂಗಳೂರಿನಲ್ಲಿದ್ದೇನೆ, ಅವರು ತೀರ್ಥಹಳ್ಳಿಯ ಹತ್ತಿರ ಅಣ್ಣನ ಮನೆಯಲ್ಲಿ. ಫೋನ್ ಮಾಡಿದಾಗಲೆಲ್ಲ ‘ನಂಗೇನಾಗಿದೆ, ಚೆನ್ನಾಗೇ ಇದ್ದೀನಿ’ ಅಂತಾರೆ. ಆದರೆ ಎರಡು ವರ್ಷದಿಂದ ಯಾವ ಮದುವೆಗೂ ಹೋಗಿಲ್ಲ, ಮಾತು ಕಡಿಮೆಯಾಗಿದೆ. ಅಮ್ಮನಿಗೆ ಓದಲು ಬರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಕ್ಕ ಪ್ರಶ್ನಾವಳಿಯನ್ನು ಅವರ ಪರವಾಗಿ ನಾನೇ ತುಂಬಬಹುದೇ?
– ಮಗಳು, ಬೆಂಗಳೂರು

ಉತ್ತರ: ತುಂಬಬೇಡಿ. ಅದರಲ್ಲಿ ಬರುವುದು ನಿಮ್ಮ ಆತಂಕದ ಅಂಕ, ಅಮ್ಮನ ಬೇಸರದ್ದಲ್ಲ. ನೀವು ಕಂಡದ್ದನ್ನು ಬೇರೆ ಚೀಟಿಯಲ್ಲಿ ಬರೆದು ವೈದ್ಯರಿಗೆ ಕೊಡಿ. ಅದಕ್ಕೆ ಅದರದೇ ಬೆಲೆ ಇದೆ.

ಓದಲು ಬಾರದವರಿಗೆ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಕೇಳಬಹುದು, ಅದರಲ್ಲಿ ತಪ್ಪಿಲ್ಲ. ವಯಸ್ಸಾದವರಿಗೆಂದೇ 15 ಪ್ರಶ್ನೆಗಳ ಒಂದು ಅಳತೆ ಇದೆ, ಉತ್ತರ ಬರೀ ಹೌದು ಅಥವಾ ಇಲ್ಲ. ನಿದ್ದೆ, ನೋವು, ಹಸಿವಿನ ಗೊಡವೆಗೆ ಅದು ಹೋಗುವುದಿಲ್ಲ. ಮನೆಯಿಂದ ಹೊರಗೆ ಹೋಗಲು ಮನಸ್ಸಾಗುತ್ತದೆಯೇ, ಹಿಂದೆ ಮಾಡುತ್ತಿದ್ದ ಎಷ್ಟೋ ಕೆಲಸ ಬಿಟ್ಟಿದ್ದೀರಾ ಎಂಬಂಥ ಪ್ರಶ್ನೆಗಳು. ಅದನ್ನು ಕೇಳುವವರು ಮಗಳಾಗಲಿ ಸೊಸೆಯಾಗಲಿ ಆಗದಿರುವುದು ಒಳ್ಳೆಯದು. ಸೊಸೆ ಪಕ್ಕದಲ್ಲಿ ಕೂತಿರುವಾಗ ‘ಬದುಕು ಬರಿದಾಗಿದೆ ಅನಿಸುತ್ತದೆಯೇ’ ಎಂದರೆ ನಮ್ಮ ಮಲೆನಾಡಿನ ಯಾವ ಹಿರಿಯಾಕೆಯೂ ಹೌದು ಎನ್ನಲಾರರು. ನರ್ಸನ್ನೋ ಕೌನ್ಸೆಲರನ್ನೋ ಕೇಳಿಕೊಳ್ಳಿ, ಐದು ನಿಮಿಷ ನೀವು ಹೊರಗೆ ನಿಲ್ಲಿ.

ಹತ್ತು ಸೆಂಟಿಮೀಟರ್ ಗೆರೆ ಎಳೆದು ‘ನಿಮ್ಮ ನೋವು ಎಲ್ಲಿದೆ, ಗುರುತು ಮಾಡಿ’ ಎಂದರೆ ಹಳಬರು ಗೆರೆಯನ್ನೇ ನೋಡುತ್ತ ಕೂರುತ್ತಾರೆ. ಅವರದೇ ಲೆಕ್ಕ ಅವರಿಗಿದೆ. ‘ಮಾತ್ರೆ ತಗೊಂಡ್ಮೇಲೆ ರೂಪಾಯಿಗೆ ಎಂಟಾಣೆ ಕಮ್ಮಿ ಆಗಿದೆ’ ಎಂದು ಸಲೀಸಾಗಿ ಹೇಳುತ್ತಾರೆ. ಹದಿನಾರಾಣೆಗೆ ಎಷ್ಟಾಣೆ ಎಂದು ನೋವಿಗೂ ಕೇಳಿ, ಬೇಸರಕ್ಕೂ ಕೇಳಿ, ದಿನಾಂಕ ಹಾಕಿ ಬರೆದಿಡಿ. ಮುಂದಿನ ತಿಂಗಳು ಹೋಲಿಸಲು ಅಷ್ಟು ಸಾಕು.

ಮದುವೆಗೆ ಹೋಗದಿರುವುದಕ್ಕೆ ಕಾರಣ ಕೇಳಿದ್ದೀರಾ? ಬಹಳ ಸಲ ಅದು ನೋವಲ್ಲ. ಛತ್ರದಲ್ಲಿ ಕಮೋಡ್ ಇರುತ್ತದೋ ಇಲ್ಲವೋ ಎಂಬ ಭಯ. ಕೂತರೆ ಏಳಲು ಯಾರಾದರೂ ಕೈ ಹಿಡಿದು ಎಬ್ಬಿಸಬೇಕು, ಅದನ್ನು ನಾಲ್ಕು ಜನ ನೋಡುತ್ತಾರೆ ಎಂಬ ನಾಚಿಕೆ. ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಟ್ಟು ಮದುವೆಗೆ ಬಂದ ಹೆಂಗಸರನ್ನು ನಾನು ಕಂಡಿದ್ದೇನೆ. ಕೀಲುರೋಗಿಗಳ ದಿನನಿತ್ಯದ ಕಷ್ಟ ಅಳೆಯಲು 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ ಪ್ರಶ್ನಾವಳಿಯನ್ನು ನಮ್ಮ ದೇಶಕ್ಕೆ ಒಗ್ಗಿಸಿದಾಗ, ಕುಕ್ಕರುಗಾಲಿನಲ್ಲಿ ಕೂರುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು, ಸೀರೆ ಉಡುವುದು, ಆಟೋ ಹತ್ತುವುದು ಇವನ್ನೆಲ್ಲ ಸೇರಿಸಬೇಕಾಯಿತು. ಅವು ಹೋದರೆ ನೆಂಟಸ್ತಿಕೆಯೇ ಹೋದಂತೆ. ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಬೇಕೇ ಎಂದು ಮೂಳೆತಜ್ಞರನ್ನು ಕೇಳಿ. ಅದಕ್ಕೂ ಮೊದಲು ಮುಂದಿನ ಮದುವೆಯ ಛತ್ರಕ್ಕೆ ಫೋನ್ ಮಾಡಿ ಕಮೋಡ್ ಇದೆಯೇ ಎಂದು ವಿಚಾರಿಸಿ ಅಮ್ಮನಿಗೆ ಹೇಳಿ.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುತ್ತೇನೆ. ಉದ್ದನೆ ಸಾಲು, ಡಾಕ್ಟರು ನೋಡುವುದು ಐದು ನಿಮಿಷ. ಮನಸ್ಸಿನ ಕಷ್ಟ ಹೇಳಲು ಹೊತ್ತೆಲ್ಲಿ?
– ಅಂಗನವಾಡಿ ಕಾರ್ಯಕರ್ತೆ, ಕಲಬುರಗಿ

ಉತ್ತರ: ಹೊತ್ತಿಲ್ಲ, ನಿಜ. ಸಾಲಿನಲ್ಲಿ ಕೂತಾಗಲೇ ಒಂದು ಚೀಟಿ ಬರೆದುಕೊಳ್ಳಿ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ ರೋಗಿಗಳನ್ನೇ ಕೂರಿಸಿಕೊಂಡು ‘ಈ ಕಾಯಿಲೆಯಲ್ಲಿ ನಿಮಗೆ ಯಾವುದು ಹೆಚ್ಚು ಮುಖ್ಯ’ ಎಂದು ಕೇಳಿ, 2011ರಲ್ಲಿ ‘ರೇಡ್’ ಎಂಬ ಅಳತೆಗೆ ಅಂತಿಮ ರೂಪ ಕೊಟ್ಟಿತು. ಏಳೇ ಪ್ರಶ್ನೆ, ಒಂದೊಂದಕ್ಕೆ 0ಯಿಂದ 10. ನೋವು, ಕೆಲಸ ಮಾಡಲಾಗದಿರುವುದು, ಸುಸ್ತು, ನಿದ್ದೆ, ಶರೀರದ ಆರೋಗ್ಯ, ಮನಸ್ಸಿನ ಸ್ಥಿತಿ, ಕೊನೆಯದಾಗಿ ‘ಕಾಯಿಲೆಯನ್ನು ನಿಭಾಯಿಸಿಕೊಂಡು ಹೋಗಲು ಆಗುತ್ತಿದೆಯೇ’. ಒಟ್ಟು ತೂಕದಲ್ಲಿ ನೋವಿನ ಪಾಲು ನೂರಕ್ಕೆ 21 ಮಾತ್ರ. ಮನಸ್ಸಿನ ಸ್ಥಿತಿ ಮತ್ತು ನಿಭಾಯಿಸುವುದು ಸೇರಿದರೆ 24. ರೋಗಿಗಳು ತೂಗಿದ ತಕ್ಕಡಿ ಇದು, ವೈದ್ಯರು ತೂಗಿದ್ದರೆ ಹೀಗೆ ಬರುತ್ತಿರಲಿಲ್ಲ ಎಂಬುದು ನನ್ನ ಅನುಮಾನ.

ನೀವು ತೂಕಗೀಕದ ತಲೆಬಿಸಿ ಮಾಡಿಕೊಳ್ಳಬೇಡಿ. ಏಳು ಸಾಲು, ಏಳು ಅಂಕ, ಮೇಲೆ ದಿನಾಂಕ. ಓಪಿಡಿ ಚೀಟಿಯ ಜೊತೆ ಅದನ್ನೂ ಮುಂದಿಡಿ. ‘ಮನಸ್ಸು: 8’ ಎಂದು ಬರೆದದ್ದನ್ನು ನೋಡಿಯೂ ಏನೂ ಕೇಳದೆ ಕಳಿಸುವ ವೈದ್ಯರು ಇರಬಹುದು, ಆದರೆ ಕಡಿಮೆ. ಮಾತಿಗೆ ಸಿಗದ ಗಮನ ಅಂಕಿಗೆ ಸಿಗುತ್ತದೆ. ನಮ್ಮ ವೃತ್ತಿಯ ಈ ದೌರ್ಬಲ್ಯವನ್ನು ನೀವು ನಿಮ್ಮ ಲಾಭಕ್ಕೆ ಬಳಸಿಕೊಳ್ಳಿ.

ಪ್ರಶ್ನೆ: ವಯಸ್ಸು 27, ಸಾಫ್ಟ್‌ವೇರ್ ಕೆಲಸ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆ, ರಾತ್ರಿ ಮೂರಕ್ಕೆ ಸೊಂಟನೋವಿಗೆ ಎಚ್ಚರವಾಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ದಿನವೂ ಮೂಡ್ ಸ್ಕೋರ್ ಹಾಕುತ್ತಿದ್ದೇನೆ. ಗ್ರಾಫ್ ಕೆಳಗೆ ಹೋದರೆ ಆ ದಿನವೆಲ್ಲ ಹಾಳು. ಮುಂದುವರಿಸಲೇ?
– ಮೈಸೂರು

ಉತ್ತರ: ನಿಲ್ಲಿಸಿ. ಅಳತೆಯೇ ಹೊಸ ನೋವಾದರೆ ಅದರಿಂದ ಏನು ಬಂತು? ಈ ಹಾಳೆಗಳು ಹೆಚ್ಚಾಗಿ ಒಂದು ವಾರ, ಎರಡು ವಾರದ ಸ್ಥಿತಿಯನ್ನು ಕೇಳುವಂತೆ ಮಾಡಿದವು, ದಿನದ ಏರಿಳಿತಕ್ಕಲ್ಲ. ಎರಡು ಮೂರು ತಿಂಗಳಿಗೊಮ್ಮೆ, ಔಷಧಿ ಬದಲಿಸಿದಾಗ ಒಮ್ಮೆ ತುಂಬಿದರೆ ಸಾಕು. ಪಿಎಚ್‌ಕ್ಯೂ-9ರಲ್ಲಿ ಒಂದೆರಡು ಅಂಕದ ವ್ಯತ್ಯಾಸಕ್ಕೆ ಅರ್ಥವಿಲ್ಲ, ಐದರಷ್ಟು ಬದಲಾದರೆ ಗಮನಿಸಬೇಕು.

ಬೆನ್ನುಮೂಳೆಯನ್ನು ಹಿಡಿಯುವ ನಿಮ್ಮ ಈ ಸಂಧಿವಾತಕ್ಕೆ ಎಲ್ಲ ಕಡೆ ಬಳಸುವುದು 1994ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ರೂಪಿಸಿದ ‘ಬಾಸ್‌ಡಾಯ್’. ಅದರ ಆರು ಪ್ರಶ್ನೆಗಳು ಸುಸ್ತು, ಬೆನ್ನುನೋವು, ಕೀಲುನೋವು, ಮುಟ್ಟಿದರೆ ನೋವು, ಬೆಳಗಿನ ಬಿಗಿತದ ಬಗ್ಗೆ ಇವೆ. ಮನಸ್ಸಿನ ಬಗ್ಗೆ ಒಂದೂ ಇಲ್ಲ. ಅದರ ಅಂಕ ಚೆನ್ನಾಗಿದೆ ಎಂದ ಮಾತ್ರಕ್ಕೆ ನೀವು ಚೆನ್ನಾಗಿದ್ದೀರಿ ಎಂದಾಗುವುದಿಲ್ಲ, ಬಾಯಿಬಿಟ್ಟು ಹೇಳಬೇಕು. ರಾತ್ರಿ ಎಚ್ಚರವಾದಾಗ ಫೋನ್ ಹಿಡಿಯುವ ಬದಲು ಎದ್ದು ಹತ್ತು ನಿಮಿಷ ಓಡಾಡಿ. ಈ ಕಾಯಿಲೆಯ ನೋವು ಮಲಗಿದಷ್ಟೂ ಹೆಚ್ಚು, ಆಡಿದಷ್ಟೂ ಕಡಿಮೆ. ಈಜು ಬರುತ್ತಿದ್ದರೆ ಇನ್ನೂ ಒಳ್ಳೆಯದು, ಸೊಂಟಕ್ಕೂ ಮನಸ್ಸಿಗೂ.

ಪ್ರಶ್ನೆ: ನನ್ನ ಪತ್ನಿಗೆ 38. ಸಂಧಿವಾತ ಜೋರಾಗಿ ಎರಡು ತಿಂಗಳಿಂದ ಸ್ಟೀರಾಯ್ಡ್ ಮಾತ್ರೆ ಹೆಚ್ಚು ಡೋಸಿನಲ್ಲಿದೆ. ಊತ ಇಳಿದಿದೆ, ಆದರೆ ಸಣ್ಣದಕ್ಕೂ ರೇಗುತ್ತಾಳೆ, ರಾತ್ರಿ ಅಳುತ್ತಾಳೆ. ಮನೋವೈದ್ಯರು ಒಂದು ಮಾತ್ರೆ ಬರೆದಿದ್ದಾರೆ. ಸಂಧಿವಾತದ ಮಾತ್ರೆಯ ಜೊತೆ ಅದನ್ನು ಕೊಡಬಹುದೇ?
– ತುಮಕೂರು

ಉತ್ತರ: ಸಾಮಾನ್ಯವಾಗಿ ಕೊಡಬಹುದು. ಎಚ್ಚರಿಕೆ ಎರಡು. ಖಿನ್ನತೆಯ ಕೆಲವು ಮಾತ್ರೆಗಳನ್ನು ಡೈಕ್ಲೊಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳ ಜೊತೆ ತೆಗೆದುಕೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಾಧ್ಯತೆ ಹೆಚ್ಚು, ಸ್ಟೀರಾಯ್ಡ್ ಸೇರಿದರೆ ಇನ್ನಷ್ಟು. ಟ್ರಮಡಾಲ್ ಎಂಬ ನೋವಿನ ಮಾತ್ರೆಯೂ ಅವುಗಳ ಜೊತೆ ಒಳ್ಳೆಯದಲ್ಲ. ಇಬ್ಬರು ವೈದ್ಯರಿಗೂ ಎಲ್ಲ ಮಾತ್ರೆಗಳ ಪಟ್ಟಿ ತೋರಿಸಿ. ಮೆಡಿಕಲ್ ಶಾಪಿನಿಂದ ನೀವೇ ತಂದುಕೊಟ್ಟವನ್ನೂ ಬಿಡದೆ.

ರೇಗುವುದು, ನಿದ್ದೆ ಕೆಡುವುದು, ಅಳು, ಕೆಲವರಲ್ಲಿ ಅತಿಯಾದ ಹುರುಪು, ಇವು ಹೆಚ್ಚಿನ ಡೋಸಿನ ಸ್ಟೀರಾಯ್ಡಿನಿಂದಲೇ ಬರಬಹುದು. ಅಂಥ ಹೊತ್ತಿನಲ್ಲಿ ತುಂಬಿಸಿದ ಹಾಳೆಯಲ್ಲಿ ಅಂಕ ಹೆಚ್ಚು ಬಂದರೆ ಅದರಲ್ಲಿ ಔಷಧಿಯ ಪಾಲೂ ಇರುತ್ತದೆ. ಹಾಳೆಯ ಮೇಲೆ ಸ್ಟೀರಾಯ್ಡ್ ಎಷ್ಟು ಮಿಲಿಗ್ರಾಂ ನಡೆಯುತ್ತಿದೆ ಎಂದು ಬರೆಸಿಡಿ, ಡೋಸ್ ಇಳಿದ ಮೇಲೆ ಮತ್ತೆ ತುಂಬಿಸಿ ಹೋಲಿಸಿ. ಮಾತ್ರೆಯನ್ನು ಬೆಳಿಗ್ಗೆ ತಿಂಡಿಯಾದ ಮೇಲೆ ಕೊಟ್ಟರೆ ನಿದ್ದೆ ಕೆಡುವುದು ತಗ್ಗುತ್ತದೆ. ಆದರೆ ಸ್ವಂತ ಬುದ್ಧಿಯಿಂದ ಸ್ಟೀರಾಯ್ಡ್ ನಿಲ್ಲಿಸಬೇಡಿ, ದಿಢೀರನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಇನ್ನು ನೀವು ಕೇಳದ ಒಂದು ಮಾತು. ಆಕೆ ರೇಗುವುದನ್ನು ವಿವರವಾಗಿ ಬರೆದಿದ್ದೀರಿ. ಬೆಳಿಗ್ಗೆ ಕುಕ್ಕರ್ ಮುಚ್ಚಳ ತೆಗೆಯುವವರು ಯಾರು, ಬಟ್ಟೆ ಹಿಂಡುವವರು ಯಾರು ಎಂಬುದು ಪತ್ರದಲ್ಲಿಲ್ಲ. ದಾಂಪತ್ಯದ ಹತ್ತಿರದ ವಿಷಯಗಳೂ ಇಲ್ಲ. ಸೊಂಟ, ಮಂಡಿ, ಕೈ ನೋಯುವವರಿಗೆ ಅದೂ ಕಷ್ಟವೇ. ನಾನು ಈವರೆಗೆ ಹೇಳಿದ ಯಾವ ಪ್ರಶ್ನಾವಳಿಯೂ ಅದನ್ನು ನೇರವಾಗಿ ಕೇಳುವುದಿಲ್ಲ, ಹೆಂಗಸರು ತಾವಾಗಿ ಹೇಳುವುದಿಲ್ಲ. ಮುಂದಿನ ಭೇಟಿಗೆ ನೀವೂ ಜೊತೆಗೆ ಹೋಗಿ. ಆಕೆ ಒಬ್ಬರೇ ವೈದ್ಯರ ಜೊತೆ ಮಾತಾಡಲು ಸ್ವಲ್ಪ ಹೊತ್ತು ಬಿಟ್ಟು ಹೊರಗೂ ಬನ್ನಿ.

ಪ್ರಶ್ನೆ: ಒಂಬತ್ತನೇ ಪ್ರಶ್ನೆಗೆ ನಾನು 0 ಹಾಕಿದೆ. ಅದು ನಿಜವಲ್ಲ. ನಿಜ ಬರೆದರೆ ಮನೆಯವರಿಗೆ ಹೇಳಿಬಿಡುತ್ತಾರೆ, ಅಡ್ಮಿಟ್ ಮಾಡುತ್ತಾರೆ ಎಂಬ ಹೆದರಿಕೆ. ಕೈಕಾಲು ಹೀಗಾದ ಮೇಲೆ ಇದ್ದು ಏನು ಎಂದು ಅನಿಸುತ್ತದೆ.
– ಊರು ಬರೆದಿಲ್ಲ

ಉತ್ತರ: ನನಗಾದರೂ ನಿಜ ಬರೆದಿರಿ, ಒಳ್ಳೆಯದಾಯಿತು. ಇತರ ಓದುಗರಿಗಾಗಿ ಹೇಳುತ್ತೇನೆ: ಪಿಎಚ್‌ಕ್ಯೂ-9 ಹಾಳೆಯ ಒಂಬತ್ತನೆಯದು ಸಾಯುವ, ತನಗೆ ತಾನೇ ಘಾಸಿ ಮಾಡಿಕೊಳ್ಳುವ ಯೋಚನೆಗಳ ಬಗ್ಗೆ ಕೇಳುವ ಪ್ರಶ್ನೆ. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಇದಕ್ಕೆ 1 ಎಂದು ಬಂದರೂ ವೈದ್ಯರು ಅವತ್ತೇ ಮಾತಾಡಬೇಕು. ಹಾಳೆಯನ್ನು ಫೈಲಿಗೆ ಸೇರಿಸಿ ಮುಂದಿನ ತಿಂಗಳು ನೋಡುವಂತಿಲ್ಲ.

ನಿಮ್ಮ ಹೆದರಿಕೆಗೆ ಉತ್ತರ. ಇಂಥ ಯೋಚನೆ ಬರುತ್ತದೆ ಎಂದ ಮಾತ್ರಕ್ಕೆ ಅಡ್ಮಿಟ್ ಮಾಡುವುದಿಲ್ಲ. ಯೋಚನೆ ಎಷ್ಟು ಹೊತ್ತು ಇರುತ್ತದೆ, ಏನಾದರೂ ಸಿದ್ಧತೆ ಮಾಡಿಕೊಂಡಿದ್ದೀರಾ, ಜೊತೆಗೆ ಯಾರಿದ್ದಾರೆ ಎಂದು ಕೇಳುತ್ತಾರೆ. ಹೆಚ್ಚಿನವರಿಗೆ ಮಾತು, ಔಷಧಿ, ಬೇಗ ಬೇಗ ಭೇಟಿ ಸಾಕಾಗುತ್ತದೆ. ನೀವು ಹೇಳಿದ್ದು ಗುಟ್ಟಾಗಿರಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಆದರೆ ಪ್ರಾಣಕ್ಕೆ ಅಪಾಯ ಇರುವಾಗ ನಿಮ್ಮನ್ನು ಕಾಪಾಡಲು ಬೇಕಾದಷ್ಟನ್ನು ಹತ್ತಿರದವರಿಗೆ ತಿಳಿಸುತ್ತಾರೆ.

ಇದ್ದು ಏನು ಎಂದು ಅನಿಸುವುದು ಖಿನ್ನತೆಯ ಲಕ್ಷಣ. ಖಿನ್ನತೆಗೆ ಚಿಕಿತ್ಸೆ ಇದೆ, ಕೀಲು ಪೂರ್ತಿ ಸರಿಹೋಗದಿದ್ದರೂ ಅದು ಗುಣವಾಗುತ್ತದೆ. ಇವತ್ತು ಮೂರು ಕೆಲಸ ಮಾಡಿ. ನಂಬುವ ಒಬ್ಬರಿಗೆ, ಅಕ್ಕನಿಗೋ ಗೆಳತಿಗೋ ನೆರೆಯವರಿಗೋ, ನನಗೆ ಬರೆದದ್ದನ್ನೇ ಹೇಳಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಅವರ ಕೈಗೆ ಕೊಟ್ಟು, ಆಯಾ ದಿನದ್ದನ್ನು ಅವರಿಂದಲೇ ಇಸಕೊಳ್ಳಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ನೋಡುವ ‘ಮನೋಚೈತನ್ಯ’ ಎಂಬ ವ್ಯವಸ್ಥೆಯೂ ನಮ್ಮ ರಾಜ್ಯದಲ್ಲಿದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಎಂದು ವಿಚಾರಿಸಿ. ಆ ದಿನದವರೆಗೆ ಕಾಯಲು ಆಗುವುದಿಲ್ಲ ಅನಿಸಿದರೆ ಹತ್ತಿರದ ಯಾವುದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ.

ಮುಂದಿನ ಸಲ ಆ ಹಾಳೆ ಕೈಗೆ ಬಂದಾಗ ಒಂಬತ್ತನೆಯದಕ್ಕೆ ನಿಜವಾದ ಅಂಕವನ್ನೇ ಹಾಕಿ. ಈ ಪುಟ ಓದುತ್ತಿರುವ ವೈದ್ಯಮಿತ್ರರಲ್ಲೂ ಒಂದು ವಿನಂತಿ: ಹಾಳೆ ತುಂಬಿಸಿದರೆ, ರೋಗಿ ಎದ್ದು ಹೋಗುವ ಮುನ್ನ ಅದನ್ನು ಓದಿ.